ಉಜ್ಜಿದ ಮೇಲೆ ಉಳಿಯುವುದೇನು?

ಹಳೆಯ ಪಿಸ್ತೂಲೊಂದು ಕೈಸೇರಿದೊಡನೆ ಅದನ್ನು ‘ಮೂಲ ರೂಪಕ್ಕೆ ತರಬೇಕು’ ಎಂಬ ಆತುರ ನಮ್ಮವರಿಗೆ. ಮೊದಲು ಬಫಿಂಗ್ ಚಕ್ರಕ್ಕೆ ಹಿಡಿಯುವುದು, ಆಮೇಲೆ ರಾಸಾಯನಿಕದಲ್ಲಿ ಅದ್ದಿ ಕಪ್ಪಾಗಿಸುವುದು, ಕೊನೆಗೆ ಮರದ ಹಿಡಿಗೆ ವಾರ್ನಿಶ್ ಬಳಿಯುವುದು. ಇದಕ್ಕೆ ಜೀರ್ಣೋದ್ಧಾರವೆಂಬ ದೊಡ್ಡ ಹೆಸರು. ಜೀರ್ಣವಾದದ್ದನ್ನು ಅಳಿಸಿಹಾಕುವುದು ಉದ್ಧಾರವಲ್ಲ ಎಂಬುದೇ ನಮ್ಮ ತಕರಾರು.

ಹೀಗೆ ಬರುವ ಬಣ್ಣ ಮೂಲದ್ದೂ ಅಲ್ಲ. ಹಿಂದಿನ ಕುಶಲಕರ್ಮಿಗಳು ಕಬ್ಬಿಣದ ನಳಿಗೆಗೆ ದ್ರಾವಣ ಸವರಿ, ತೇವದಲ್ಲಿಟ್ಟು ಹದವಾಗಿ ತುಕ್ಕು ಹಿಡಿಸಿ, ಕೆರೆದು, ಮತ್ತೆ ಸವರಿ, ದಿನಗಟ್ಟಲೆ ದುಡಿದು ಕಂದು ಬಣ್ಣ ತರುತ್ತಿದ್ದರು. ಇಲ್ಲವೇ ಇದ್ದಿಲ ಕಾವಿನಲ್ಲಿ ನೀಲಿ ಬರಿಸುತ್ತಿದ್ದರು. ಕುದಿಯುವ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟಿನ ತೊಟ್ಟಿಯಲ್ಲಿ ಅದ್ದಿ ಪಡೆಯುವ ಕಪ್ಪು 20ನೇ ಶತಮಾನದ ಕಾರ್ಖಾನೆಯ ಬಣ್ಣ. 18ನೇ ಶತಮಾನದ ಪಿಸ್ತೂಲಿಗೆ ಅದನ್ನು ಹಚ್ಚುವವರು, ಅದನ್ನು ಮಾಡಿದವನೇ ಕಾಣದಿದ್ದ ಬಣ್ಣವನ್ನು ‘ಮೂಲ’ವೆಂದು ಕರೆಯುತ್ತಿದ್ದಾರೆ.

ನಮ್ಮ ದೇಶದ ಆಯುಧಗಳಿಗಂತೂ ಈ ಉಪಚಾರ ಮಾರಕ. ಕೋಫ್ತಗಾರಿಯಲ್ಲಿ ಉಕ್ಕಿನ ಮೇಲೆ ನವಿರಾದ ಗೀರುಗಳನ್ನು ಒತ್ತೊತ್ತಾಗಿ ಕೊರೆದು, ಅವುಗಳ ಮೇಲೆ ಚಿನ್ನದ ಎಳೆಯನ್ನು ಬಡಿದು ಕೂರಿಸುತ್ತಾರೆ. ಆ ಗೀರುಗಳ ಹಿಡಿತವೊಂದೇ ಚಿನ್ನಕ್ಕೆ ಆಧಾರ. ಉಜ್ಜುವ ಚಕ್ರ ತಗುಲಿದರೆ ಚಿನ್ನವೂ ಹೋಯಿತು, ಗೀರೂ ಹೋಯಿತು. ಟಿಪ್ಪುವಿನ ಕಾಲದ ಬಂದೂಕು, ಪಿಸ್ತೂಲುಗಳ ಮೇಲಿನ ಹುಲಿಪಟ್ಟೆ, ತಯಾರಾದ ಊರು, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ ಎಲ್ಲವೂ ಇರುವುದು ಲೋಹದ ಹೊರಮೈಯಲ್ಲೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಡಲಾಚೆ ಹೋದ ಆ ಆಯುಧಗಳ ಗುರುತು ಹಿಡಿಯಲು ಇಂದು ಆಸರೆಯಾಗಿರುವುದು ಆ ಅಕ್ಷರಗಳು. ಅವು ಸವೆದರೆ ಉಳಿಯುವುದು ಬರಿಯ ಕಬ್ಬಿಣ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಿಂದ ಟಿಪ್ಪು ಕಾಲದ್ದೆನ್ನಲಾದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಮೇಲೆ ಬಂದವು. ತುಕ್ಕು ಹಿಡಿದ, ಕೆಸರು ಮೆತ್ತಿದ ಕಬ್ಬಿಣದ ಕೊಳವೆಗಳು ಅವು. ಅವನ್ನು ಯಾರಾದರೂ ತಿಕ್ಕಿ ತೊಳೆದು ಫಳಫಳಿಸುವಂತೆ ಮಾಡಿದ್ದರೆ ನೋಡುವವರಿಗೆ ಚೆನ್ನಾಗಿರುತ್ತಿತ್ತು, ಓದುವವರಿಗೆ ಏನೂ ಉಳಿಯುತ್ತಿರಲಿಲ್ಲ.

ಗುಜರಾತಿನಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರಾದ ನಮಗೆ ಇನ್ನೊಂದು ವಿಪರ್ಯಾಸವೂ ಕಾಣುತ್ತದೆ. ವಡೋದರಾದಲ್ಲಿ ಸಯಾಜಿರಾವ್ ಗಾಯಕ್‌ವಾಡರು ಕಟ್ಟಿಸಿದ ವಸ್ತುಸಂಗ್ರಹಾಲಯವಿದೆ. ಲಕ್ಷ್ಮೀವಿಲಾಸ ಅರಮನೆಯಲ್ಲಿ ಹಳೆಯ ಆಯುಧಗಳ ಸಂಗ್ರಹವಿದೆ. ಅಲ್ಲಿನ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ 1952ರಿಂದಲೇ ಸಂಗ್ರಹಾಲಯ ಶಾಸ್ತ್ರವನ್ನು ಕಲಿಸುತ್ತಿದ್ದಾರೆ. ಹಳೆಯ ವಸ್ತುವಿನ ಮೇಲೆ ಮಾಡುವ ಯಾವ ಕೆಲಸವನ್ನೂ ಮುಂದೆ ತೆಗೆದುಹಾಕಲು ಸಾಧ್ಯವಿರಬೇಕು ಎಂಬುದು ಆ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಆ ಪಾಠ ತರಗತಿಯ ಹೊಸ್ತಿಲು ದಾಟಿ ಅಹಮದಾಬಾದಿನ ದಿವಾನಖಾನೆಗಳನ್ನು ತಲುಪಲಿಲ್ಲ. ನಮ್ಮ ಊರುಗಳ ಕಡೆಗೂ ತಲುಪಲಿಲ್ಲ. ವೀರಗಲ್ಲಿಗೆ ಎನಾಮೆಲ್ ಬಣ್ಣ ಬಳಿದು ಭಕ್ತಿ ಮೆರೆಯುವವರು ನಾವೇ ಅಲ್ಲವೆ?

‘ಹಾಗಾದರೆ ತುಕ್ಕು ತಿಂದು ಹಾಳಾಗಲಿ ಎನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸೂರತ್ತಿನ ಮಳೆಗಾಲದ ಕಡಲಗಾಳಿ ಕಬ್ಬಿಣವನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ತುಕ್ಕುಗಳಲ್ಲೂ ಭೇದವಿದೆ. ಮುಟ್ಟಿದರೆ ಕೈಗಂಟುವ ಕೆಂಪು ಪುಡಿ ಲೋಹವನ್ನು ತಿನ್ನುತ್ತಿರುವ ರೋಗ. ಅದನ್ನು ಎಣ್ಣೆಯಿಂದ ನೆನೆಸಿ ಮೆಲ್ಲಗೆ ಬಿಡಿಸಬೇಕು. ದಶಕಗಳಿಂದ ಗಟ್ಟಿಯಾಗಿ ಕೂತ ಕಡುಕಂದು ಪದರ ಅದರ ವಯಸ್ಸು, ಅದನ್ನು ಮುಟ್ಟಬಾರದು. ಬಳಿಕ ತೆಳುವಾಗಿ ಮೇಣ ಸವರಿ, ತೇವವಿಲ್ಲದ ಕಡೆ ಇಟ್ಟರಾಯಿತು. ಮೇಣವನ್ನು ನಾಳೆ ತೆಗೆಯಬಹುದು. ಉಜ್ಜಿ ತೆಗೆದ ಲೋಹವನ್ನು ಯಾರೂ ಮತ್ತೆ ಕೂರಿಸಲಾರರು.

ಕಾನೂನಿನ ಮಾತನ್ನೂ ಮರೆಯುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಮಾಡದಿದ್ದರೂ ಅದು ಹಾರಿಸಲು ಬಾರದಂತಿದ್ದರೆ ಮಾತ್ರ. ಹೊಳಪಿನ ಹುಮ್ಮಸ್ಸಿನಲ್ಲಿ ಕುದುರೆ, ಸ್ಪ್ರಿಂಗುಗಳನ್ನೂ ‘ಸರಿ’ಮಾಡಹೊರಡುವವರು ಈ ವಾಕ್ಯವನ್ನು ಒಮ್ಮೆ ಓದಿಕೊಳ್ಳಲಿ. ನೂರು ವರ್ಷ ದಾಟಿದ ವಸ್ತುವಿನ ವಿಷಯದಲ್ಲಿ 1972ರ ಪುರಾವಸ್ತು ಕಾಯ್ದೆಯೂ ಇದೆ.

ಹೊಳೆಯುವ ಪಿಸ್ತೂಲೇ ಬೇಕೆನ್ನುವವರಿಗೆ ಪೇಟೆಯಲ್ಲಿ ಹೊಸ ಪ್ರತಿಕೃತಿಗಳಿವೆ. ಕೊಂಡು ಗೋಡೆಗೆ ತೂಗಿಕೊಳ್ಳಲಿ, ನಮ್ಮ ಆಕ್ಷೇಪವಿಲ್ಲ. ಹಳೆಯದನ್ನು ಹೊಸದು ಮಾಡುವವರು ತಮ್ಮ ಸ್ವತ್ತನ್ನಷ್ಟೇ ಕೆಡಿಸುತ್ತಿಲ್ಲ, ಇನ್ನೂ ಯಾರೂ ಓದಿ ಮುಗಿಸದ ಶಾಸನವೊಂದನ್ನು ಅಳಿಸುತ್ತಿದ್ದಾರೆ.