ಎಂಟೇ ಮಂದಿಯ ಸಂಘ

ಕಲಬುರಗಿಯಿಂದ ಹುಮನಾಬಾದಿನ ಹೆದ್ದಾರಿ ಹಿಡಿದು ಹೊರಟರೆ ದಾರಿಯಲ್ಲೇ ಕಮಲಾಪುರ ಸಿಗುತ್ತದೆ. ಬಸ್ಸಿನಲ್ಲಿ ಕುಳಿತವರಿಗೆ ಇದು ಅಲ್ಪ ದೂರ. ಆದರೆ ಚರ್ಚಿನ ಯುವಜನ ಸಂಘವನ್ನು ನಡೆಸುವವರಿಗೆ ಈ ಎರಡೂರುಗಳ ಅಂತರ ಬಲು ದೊಡ್ಡದು. ನಗರದ ಸಭೆಯಲ್ಲಿ ಒಬ್ಬ ಬಾರದಿದ್ದರೆ ಇನ್ನೊಬ್ಬನಿರುತ್ತಾನೆ. ಕಮಲಾಪುರದಂಥ ಊರಿನ ಪುಟ್ಟ ಸಂಘದಲ್ಲಿ ಇರುವವರೇ ಎಂಟು ಮಂದಿ ಎನ್ನೋಣ. ಕಾಲೇಜು ತೆರೆದೊಡನೆ ಮೂವರು ಕಲಬುರಗಿಗೆ ಹೊರಟರೆ ಉಳಿಯುವವರು ಐವರು. ಬರಿದಾದ ಬೆಂಚುಗಳನ್ನು ಕಂಡು ನಾಯಕನ ಎದೆಯೂ ಬರಿದಾಗುವುದು ಸಹಜ.

ಆಗ ಅವನು ಸಾಮಾನ್ಯವಾಗಿ ಮಾಡುವುದೇನು? ಹಾಡುವುದು, ಪ್ರಾರ್ಥಿಸುವುದು, ಬೋಧಿಸುವುದು, ಕಡೆಗೆ ಚಹಾ ತರಿಸುವುದು, ಎಲ್ಲವನ್ನೂ ತಾನೇ ಹೊತ್ತುಕೊಳ್ಳುತ್ತಾನೆ. ಉಳಿದ ಐವರು ಪ್ರೇಕ್ಷಕರಾಗುತ್ತಾರೆ. ಪ್ರೇಕ್ಷಕರಿಗೆ ಎದ್ದು ಹೋಗುವುದು ಸುಲಭವಲ್ಲವೆ?

1881ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಪಾದ್ರಿಗಳು 'ಕ್ರಿಶ್ಚಿಯನ್ ಎಂಡೆವರ್' ಎಂಬ ಯುವಜನ ಸಂಘವನ್ನು ಸ್ಥಾಪಿಸಿದಾಗ, ಕೂಟದಲ್ಲಿ ಪ್ರತಿಯೊಬ್ಬನೂ ಏನಾದರೊಂದು ಪಾಲು ವಹಿಸತಕ್ಕದ್ದೆಂಬ ಪ್ರತಿಜ್ಞೆಯನ್ನು ಮಾಡಿಸಿದರು. ಕಲಬುರಗಿ, ಬೀದರುಗಳಿಗೆ ಪರಿಚಿತವಾದ ಮೆಥೋಡಿಸ್ಟ್ ಸಭೆಯವರು 1889ರಲ್ಲಿ ಅಮೆರಿಕದಲ್ಲೇ ಆರಂಭಿಸಿದ ಎಪ್‌ವರ್ತ್ ಲೀಗು ಕೂಡ ಕೆಲಸಗಳನ್ನು ವಿಭಾಗಗಳಾಗಿ ಹಂಚಿಕೊಂಡೇ ಬೆಳೆಯಿತು.

ಐವರಿದ್ದರೆ ಐದು ಕೆಲಸಗಳಿರಲಿ. ಒಬ್ಬಳು ವೇದಪಾಠ ಓದಲಿ, ಒಬ್ಬ ಹಾಡು ಆರಿಸಲಿ, ಒಬ್ಬ ಕಾಯಿಲೆಯವರ ಮನೆಗೆ ಹೋಗಿಬರಲಿ, ಒಬ್ಬಳು ಬಾರದವರನ್ನು ವಿಚಾರಿಸಲಿ. ನಾಲ್ವರೆದುರು ಬಾಯಿಬಿಡಲು ನಾಚುವ ಹುಡುಗನಿಗೆ ಲೆಕ್ಕದ ಪುಸ್ತಕ ಕೊಡಿ. ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವಾಗ ಅವನ ದನಿ ತಾನಾಗಿ ಹೊರಡುತ್ತದೆ. ಅವನು ಕೂಡಿಸುವಲ್ಲಿ ತಪ್ಪಿದರೆ ತಿದ್ದಿಕೊಡಿ, ಪುಸ್ತಕವನ್ನು ಕಿತ್ತುಕೊಳ್ಳಬೇಡಿ.

ಹೇಳಿದ ಹೊತ್ತಿಗೆ ಕೂಟ ಮುಗಿಯಲಿ. ಮಗಳ ದಾರಿ ಕಾಯುವ ತಾಯಿಗೆ ಆ ಸಮಯಪಾಲನೆಯೇ ಸಂಘದ ಮೇಲಿನ ಭರವಸೆ. ಚಿಕ್ಕವರೊಡನೆ ಮುಚ್ಚಿದ ಬಾಗಿಲ ಹಿಂದೆ ಒಬ್ಬಂಟಿಯಾಗಿ ಮಾತನಾಡಕೂಡದು. ಈ ನಿಯಮ ಎಷ್ಟು ಸಜ್ಜನನಾದ ನಾಯಕನಿಗೂ ಅನ್ವಯಿಸತಕ್ಕದ್ದು.

ಇನ್ನು ಕಲಬುರಗಿಗೆ ಹೋದ ಆ ಮೂವರು? ಅವರನ್ನು ಕಳೆದುಕೊಂಡೆವೆಂದು ಲೆಕ್ಕ ಹಾಕುವುದು ಸಲ್ಲದು. ಹಳ್ಳಿಯಿಂದ ಬಂದ ವಿದ್ಯಾರ್ಥಿಗೆ ನಗರದ ಮೊದಲ ಭಾನುವಾರಗಳು ತೀರ ಒಂಟಿಯಾದವು. ದೊಡ್ಡ ಚರ್ಚಿನ ಕೊನೆಯ ಬೆಂಚಿನಲ್ಲಿ ಕುಳಿತು, ಯಾರೂ ಮಾತನಾಡಿಸದೆ ಹಿಂದಿರುಗಿದ ಹುಡುಗ ಮರುವಾರ ಬರಲಾರ. ಆದುದರಿಂದ ಕಮಲಾಪುರದ ನಾಯಕರು ಮುಂಚಿತವಾಗಿ ನಗರದ ಸಂಘಕ್ಕೆ ಹೆಸರು ತಿಳಿಸಬೇಕು. ನಗರದವರು ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಬೇಕು. ರಜೆಯಲ್ಲಿ ಊರಿಗೆ ಬಂದಾಗ ಅವರ ಹಳೆಯ ಕೆಲಸ ಅವರಿಗಾಗಿ ಕಾದಿರಲಿ.

ಕಮಲಾಪುರದ ಕೆಂಪು ಬಾಳೆ ಇತರ ಬಾಳೆಗಳಿಗಿಂತ ತಡವಾಗಿ ಕೊಯ್ಲಿಗೆ ಬರುತ್ತದೆ. ಹಾಗೆಂದು ರೈತನು ತೋಟವನ್ನು ಅಗೆದು ಹಾಕುವುದಿಲ್ಲ. ಸಂಘದ ಫಲವನ್ನೂ ತಲೆಯೆಣಿಸಿ ಅಳೆಯಲಾಗದು. ನಾಯಕನು ಜ್ವರದಿಂದ ಮಲಗಿದ ಭಾನುವಾರವೂ ಕೂಟ ನಡೆಯಿತೆ? ನಡೆದಿದ್ದರೆ, ಐವರೇ ಇದ್ದರೂ ಆ ಸಂಘ ದೊಡ್ಡದು.