ಬಾಟಲಿಯ ಮೇಲೊಂದು ಹೆಸರು, ಷೇರುಪಟ್ಟಿಯಲ್ಲಿ ಮತ್ತೊಂದು

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿಯನ್ನು ನಂಬಿ ನಮ್ಮ ಜಿಲ್ಲೆಯಲ್ಲಿ ಒಣದ್ರಾಕ್ಷಿ, ಶೈತ್ಯಾಗಾರ, ರಟ್ಟಿನ ಪೆಟ್ಟಿಗೆ, ಸಾಗಣೆ ಮುಂತಾದ ಅನೇಕ ವ್ಯವಹಾರಗಳು ನಡೆದಿವೆ. ಇವುಗಳಲ್ಲಿ ಬಹುಪಾಲು ಉದ್ರಿ ವ್ಯವಹಾರ. ಆದುದರಿಂದ, ಉದ್ರಿ ಪಡೆಯುವ ಸಂಸ್ಥೆಯ ನಿಜವಾದ ಒಡೆಯರು ಯಾರು ಎಂಬ ಪ್ರಶ್ನೆ ನಮಗೆ ಮುಖ್ಯವಾಗಿದೆ.

ವೈನ್ ಉದ್ಯಮವನ್ನೇ ಗಮನಿಸೋಣ. ಫೋರ್ ಸೀಸನ್ಸ್ ಎಂಬ ಹೆಸರಿನ ಹಿಂದೆ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್ ಇತ್ತು. ಅದರ ಹಿಂದೆ ಬ್ರಿಟನ್ನಿನ ಡಿಯಾಜಿಯೊ ಬಂದಿತು. 2019ರಲ್ಲಿ ಅದು ಗ್ರೋವರ್ ಜಂಪಾ ಬಳಗಕ್ಕೆ ಸೇರಿತು. ನಂದಿಬೆಟ್ಟದ ಬಳಿಯ ಗ್ರೋವರ್ ಕೂಡ 2012ರಲ್ಲಿ ನಾಸಿಕದ ಸಂಸ್ಥೆಯೊಂದಿಗೆ ವಿಲೀನಗೊಂಡು ಜಂಪಾ ಹೆಸರನ್ನು ಸೇರಿಸಿಕೊಂಡಿತ್ತು. ನಾಸಿಕದ ಯಾರ್ಕ್ ವೈನರಿಯನ್ನು 2021ರಲ್ಲಿ ಸುಲಾ ಕೊಂಡುಕೊಂಡಿತು. ಬಾಟಲಿಯ ಮೇಲಿನ ಹೆಸರುಗಳು ಮಾತ್ರ ಹಾಗೆಯೇ ಉಳಿದವು.

ಇವು ಕಾನೂನುಬದ್ಧ ವ್ಯವಹಾರಗಳೇ; ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಸರಕು ಪೂರೈಸುವವರಿಗೆ ಇದರಿಂದ ಎರಡು ಅಪಾಯಗಳಿವೆ. ಮೊದಲನೆಯದು, ಐದು ಗಿರಾಕಿಗಳಿಗೆ ಹಂಚಿದೆವೆಂದು ತಿಳಿದ ಉದ್ರಿ ಒಬ್ಬನೇ ಒಡೆಯನ ಮೇಲೆ ನಿಂತಿರಬಹುದು. ಎರಡನೆಯದು, ದೊಡ್ಡ ಬಳಗದ ಹೆಸರನ್ನು ನಂಬಿ ಕೊಟ್ಟ ಸಾಲಕ್ಕೆ ಆ ಬಳಗ ಹೊಣೆಯಾಗದು. ಕಾನೂನಿನ ದೃಷ್ಟಿಯಲ್ಲಿ ಅಧೀನ ಕಂಪನಿ ಬೇರೆಯೇ ವ್ಯಕ್ತಿ. ಲಿಖಿತ ಜಾಮೀನು ಇಲ್ಲದೆ ಮೂಲ ಕಂಪನಿಯನ್ನು ಸಾಮಾನ್ಯವಾಗಿ ಕೇಳುವಂತಿಲ್ಲ.

ಕಂಪನಿ ಕಾಯ್ದೆ 2013ರ 90ನೇ ಕಲಮು ಹಾಗೂ 2018ರ ನಿಯಮಗಳ ಪ್ರಕಾರ, ಇತರ ಸಂಸ್ಥೆಗಳ ಮೂಲಕ ಶೇ. 10 ಅಥವಾ ಹೆಚ್ಚಿನ ಹಿತಾಸಕ್ತಿ ಹೊಂದಿದ ವ್ಯಕ್ತಿ ಅದನ್ನು ಕಂಪನಿಗೆ ಘೋಷಿಸಬೇಕು. ಆದರೆ ಆ ರಿಜಿಸ್ಟರನ್ನು ಪರಿಶೀಲಿಸುವ ಹಕ್ಕನ್ನು ಈ ಕಲಮು ಷೇರುದಾರರಿಗೆ ನೀಡಿದೆಯೇ ಹೊರತು ಸಾಲ ಕೊಟ್ಟ ವ್ಯಾಪಾರಿಗೆ ನೀಡಿಲ್ಲ. ಷೇರುದಾರನಿಗಿರುವ ಈ ಹಕ್ಕು ಸಾಲಿಗನಿಗೂ ದೊರೆಯಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಈ ಬಗ್ಗೆ ನಮ್ಮ ಸಂಸ್ಥೆಯು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಮನವಿ ಸಲ್ಲಿಸುವುದು ಸೂಕ್ತ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವ ದಾರಿಯನ್ನಾದರೂ ಬಳಸೋಣ. ಸಚಿವಾಲಯದ ಜಾಲತಾಣದಲ್ಲಿ ಅಲ್ಪ ಶುಲ್ಕ ತೆತ್ತು ಗಿರಾಕಿ ಕಂಪನಿಯ ಬ್ಯಾಲೆನ್ಸ್ ಶೀಟು ಪಡೆಯಬಹುದು. ಶೇ. 5ಕ್ಕಿಂತ ಹೆಚ್ಚು ಷೇರು ಹೊಂದಿದವರ ಹೆಸರು ಅದರ ಟಿಪ್ಪಣಿಗಳಲ್ಲಿರುತ್ತದೆ. ಅಲ್ಲಿ ಮತ್ತೊಂದು ಕಂಪನಿಯ ಹೆಸರಿದ್ದರೆ ಅದರ ದಾಖಲೆಯನ್ನೂ ತೆಗೆಸಿರಿ. ಮಾಲೀಕತ್ವ ಬದಲಾದರೆ 15 ದಿನಗಳೊಳಗೆ ತಿಳಿಸಬೇಕೆಂಬ ಷರತ್ತನ್ನು ಕರಾರಿನಲ್ಲಿ ಸೇರಿಸಿರಿ. ಉದ್ರಿಯ ಮಿತಿಯನ್ನು ಬ್ರಾಂಡುವಾರು ನಿಗದಿಪಡಿಸದೆ ಒಡೆಯವಾರು ನಿಗದಿಪಡಿಸಿರಿ. ವಸೂಲಾಗದ ಬಾಕಿಯ ಮುಂದೆ ಈ ಖರ್ಚು ಏನೇನೂ ಅಲ್ಲ.