ಮಾಡಿನ ಮೇಲೊಂದು ಮಾಡು

ಕರಾವಳಿಯ ಊರುಗಳಲ್ಲಿ ಈಗೀಗ ವಿಚಿತ್ರವಾದೊಂದು ನೋಟವು ಕಾಣಬರುತ್ತಿದೆ. ಕೆಳಗೆ ಕಾಂಕ್ರೀಟಿನ ಸಮತಟ್ಟಾದ ತಾರಸಿ. ಅದರ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ ಇಳಿಜಾರಾಗಿ ಹೊದಿಸಿದ ತಗಡು. ಕಾರಣವನ್ನು ವಿಚಾರಿಸಿದರೆ, ತಾರಸಿಯು ಮಳೆಗೆ ಸೋರುವುದು, ಬಿಸಿಲಿಗೆ ಕಾಯುವುದು ಎಂಬ ಉತ್ತರ ದೊರೆಯುತ್ತದೆ. ಮಳೆಬಿಸಿಲುಗಳನ್ನು ತಡೆಯಲೆಂದೇ ಕಟ್ಟಿದ ಮಾಡಿಗೆ ಮಳೆಬಿಸಿಲು ತಾಗದಂತೆ ಇನ್ನೊಂದು ಮಾಡು! ಇದನ್ನು ಅಭಿವೃದ್ಧಿಯೆನ್ನುವವರುಂಟು. ಯಂತ್ರಯುಗದಲ್ಲಿ ಮನೆಗಳು ಹೀಗೆಯೇ ಆಗತಕ್ಕವು, ಹಂಚೆಂಬುದು ಅಜ್ಜಂದಿರ ಕಾಲದ ವಸ್ತು ಎಂಬುದು ಅವರ ವಾದ.

ಅಜ್ಜಂದಿರ ಕಾಲದ್ದೆಂಬುದೇನೋ ನಿಜ. ಆದರೆ ಮಂಗಳೂರು ಹಂಚು ಯಂತ್ರದ ಕೂಸೇ ಹೊರತು ಕುಂಬಾರನ ತಿಗರಿಯಲ್ಲಿ ಹುಟ್ಟಿದುದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಮತಾಂತರದಿಂದ ಕುಲವೃತ್ತಿಯನ್ನೂ ಬಂಧುಗಳ ಆಸರೆಯನ್ನೂ ಕಳೆದುಕೊಂಡವರ ಜೀವನೋಪಾಯಕ್ಕಾಗಿ ಹಲವು ಉದ್ಯಮಗಳನ್ನು ಹೂಡಿದರು. ಅವರಲ್ಲೊಬ್ಬನಾದ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನನು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಒಂದರೊಡನೊಂದು ಕಚ್ಚಿಕೊಳ್ಳುವ ಹಂಚಿನ ಕ್ರಮವೂ ಹೊರಗಿನದೇ; ಫ್ರಾನ್ಸಿನ ಗಿಲಾರ್ಡೊನಿ ಸೋದರರು 1841ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದರು. ಮಣ್ಣು ಮಾತ್ರ ಇಲ್ಲಿಯ ಹೊಳೆಗಳ ದಡದ್ದು. ಆದುದರಿಂದ ಅದನ್ನು ಪುರಾತನ ಸಂಪ್ರದಾಯವೆಂದು ಹಾಡಿಹೊಗಳುವವರೂ ತಪ್ಪುತ್ತಾರೆ. ಅದು ನಾಡಹಂಚಿನ ಕುಂಬಾರನ ಅನ್ನವನ್ನು ಕಿತ್ತುಕೊಂಡಿತು. ಅದರ ಆವಿಗೆಗಳು ಸೌದೆಗಾಗಿ ಕಾಡನ್ನು ನುಂಗಿದುವು. ಇದನ್ನು ಮರೆಮಾಚಬೇಕಾದುದಿಲ್ಲ.

ಆದರೂ ಆ ಯಂತ್ರವು ಊರಿನ ಮಳೆಯನ್ನು ಲಕ್ಷಿಸಿತ್ತು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವಲ್ಲಿ ನೀರು ನಿಲ್ಲದೆ ಜಾರಬೇಕು. ಹಂಚಿನ ಇಳಿಜಾರಿನಲ್ಲಿ ಅದು ಜಾರುವುದು. ಮುಳಿಹುಲ್ಲಿನ ಮಾಡಿಗಿದ್ದ ಬೆಂಕಿಯ ಭಯವಿಲ್ಲ, ವರ್ಷವರ್ಷವೂ ಹೊದಿಸುವ ಪಾಡಿಲ್ಲ. ಬಿಸಿಯಾದ ಗಾಳಿ ಸಂದುಗಳಿಂದ ಹೊರಬೀಳುವುದು. ಒಂದು ಹಂಚು ಒಡೆದರೆ ಒಂದನ್ನೇ ಬದಲಿಸಿದರಾಯಿತು. ಏಣಿಯಿದ್ದರೆ ಮನೆಯವನೇ ಆ ಕೆಲಸವನ್ನು ಮಾಡಿಕೊಳ್ಳುವನು. ಕಾಂಕ್ರೀಟಿನ ಗತಿಯೇ ಬೇರೆ. ಅದರೊಳಗಿನ ಸರಳುಗಳಿಗೆ ನೀರೂ ಕಡಲ ಉಪ್ಪುಗಾಳಿಯೂ ತಾಗಿದರೆ ತುಕ್ಕು ಹಿಡಿಯುವುದು. ತುಕ್ಕಿನಿಂದ ಉಬ್ಬಿದ ಸರಳು ಕಾಂಕ್ರೀಟನ್ನು ಒಳಗಿಂದಲೇ ಸೀಳುವುದು. ನೀರು ಇಳಿಯುವ ಬಿರುಕನ್ನು ಹುಡುಕುವಷ್ಟರಲ್ಲಿ ಮತ್ತೊಂದು ಮಳೆಗಾಲ ಬರುತ್ತದೆ. ಹಗಲಿಡೀ ಹೀರಿದ ಬಿಸಿಯನ್ನು ತಾರಸಿಯು ರಾತ್ರಿ, ಮಲಗಿದವರ ಮೇಲೆ ಬಿಡುತ್ತದೆ.

ಮರ ದುಬಾರಿ, ಬಡಗಿ ಸಿಕ್ಕುವುದಿಲ್ಲ, ಮುಂದೆ ಮೇಲಂತಸ್ತು ಬೇಕಾಗಬಹುದು ಎಂದು ಆಕ್ಷೇಪಿಸುವರು. ಮೇಲಂತಸ್ತಿನ ಮಾತು ಪೇಟೆಯ ಇಕ್ಕಟ್ಟಿನ ನಿವೇಶನಗಳಿಗೆ ಒಪ್ಪತಕ್ಕದ್ದೇ. ಅಡಕೆತೋಟದ ನಡುವಣ ಒಂಟಿಮನೆಗೆ ಅದರ ಹಂಗೇಕೆ? ಇನ್ನು ಮರದ ಮಾತು. ಇಂದು ತಾರಸಿಯ ಮೇಲೆ ತಗಡನ್ನು ಹೊತ್ತು ನಿಂತಿರುವ ಕಬ್ಬಿಣದ ಚೌಕಟ್ಟನ್ನೇ ತುಸು ಬಲವಾಗಿ ಮಾಡಿ ಗೋಡೆಯ ಮೇಲೆ ನಿಲ್ಲಿಸಿದರೆ ಅದು ಹಂಚನ್ನೂ ಹೊರುವುದು; ನಡುವಣ ತಾರಸಿಯ ಖರ್ಚೇ ಉಳಿಯುವುದು. ಈ ಲೆಕ್ಕವನ್ನು ಮೇಸ್ತ್ರಿಯು ಹೇಳುವುದಿಲ್ಲ, ಗೃಹಸ್ಥನು ಕೇಳುವುದೂ ಇಲ್ಲ. ತಾರಸಿಯಿಲ್ಲದ ಮನೆಯನ್ನು ನೆಂಟರು ಏನೆಂದಾರು ಎಂಬ ಅಂಜಿಕೆಯೇ ಅವನಿಗೆ ದೊಡ್ಡದು. ಅಷ್ಟರಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಗಳಲ್ಲಿ ಹಲವು ಬಾಗಿಲು ಮುಚ್ಚಿವೆ.